ಕಪಾಟಿನ ಹನ್ನೊಂದು ಸೀಲುಗಳು

ಹೊಟ್ಟೆಕಿಚ್ಚಿಗೆ ಬೀದರಿನಲ್ಲಿ ಔಷಧ ಸಿಗುವುದಿಲ್ಲ. ಎಮ್ಮೆಯ ಔಷಧ ಸಿಗುತ್ತದೆ, ಆಡಿನದು ಸಿಗುತ್ತದೆ, ಕಚ್ಚುವ ನಾಯಿಗೂ ಸಿಗುತ್ತದೆ. ಸೈಮನನಿಗೆ ಬೇಕಾಗಿದ್ದು ಮಾತ್ರ ಯಾವ ಅಂಗಡಿಯಲ್ಲೂ ಇರಲಿಲ್ಲ. ಇದ್ದಿದ್ದರೆ ತಾನೇ ಇಂಡೆಂಟು ಬರೆದು, ಸಾಹೇಬರ ಸಹಿ ಮಾಡಿಸಿ, ಶಿಕ್ಕಾ ಒತ್ತಿ ತರಿಸಿಕೊಳ್ಳುತ್ತಿದ್ದ ಆಸಾಮಿ ಅವನು.

ಶಿಕ್ಕಾ ಒತ್ತುವುದೇ ಅವನ ಬದುಕು. ನೌಬಾದಿನ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಪ್ರಾಣಿರೋಗ ಪ್ರಯೋಗಾಲಯವಿದೆ. ಅಲ್ಲಿ ಅವನು ಹೆಡ್ ಕ್ಲರ್ಕು. ಹುಟ್ಟಿದ್ದು ಭಾಲ್ಕಿ ತಾಲ್ಲೂಕಿನ ಮೆಹಕರದಲ್ಲಿ, ಓದಿದ್ದು ಭಾಲ್ಕಿಯಲ್ಲಿ, ಈಗ ಮನೆ ಬೀದರಿನ ಮಂಗಲಪೇಟೆಯಲ್ಲಿ. ಬೇರೆಯವರು ರಬ್ಬರ್ ಸೀಲು ಎನ್ನುವುದನ್ನು, ಪುಸ್ತಕದವರು ಠಸ್ಸೆ ಎನ್ನುವುದನ್ನು ನಮ್ಮ ಕಡೆ ಶಿಕ್ಕಾ ಎನ್ನುತ್ತಾರೆ. ಅಂಥವು ಸೈಮನನ ಕಬ್ಬಿಣದ ಕಪಾಟಿನಲ್ಲಿ ಹನ್ನೊಂದು ಇದ್ದವು. 'ಸ್ವೀಕರಿಸಲಾಗಿದೆ' ಒಂದು, 'ತುರ್ತು' ಒಂದು, ಸಾಹೇಬರ ಹೆಸರಿನದು ಒಂದು, ಹೀಗೆ. ಎಲ್ಲಕ್ಕಿಂತ ದೊಡ್ಡದು ಗುಂಡನೆಯ ಕಚೇರಿ ಮೊಹರು, ಗೋಲ್ ಶಿಕ್ಕಾ. ಅದು ಬೀಳದೆ ಆ ಕಟ್ಟಡದಿಂದ ಒಂದು ಹಾಳೆಯೂ ಹೊರಗೆ ಹೋಗುವಂತಿರಲಿಲ್ಲ. ಒತ್ತುವ ಮುಂಚೆ ಸೈಮನ ಅದನ್ನು ಬಾಯಿಯ ಹತ್ತಿರ ತಂದು 'ಹಾ' ಎಂದು ಉಸಿರು ಬಿಡುತ್ತಿದ್ದ. ಹಾಗೆ ಮಾಡಿದರೆ ಅಂಚು ಸ್ವಚ್ಛ ಮೂಡುತ್ತದೆಂದು ಅವನ ನಂಬಿಕೆ. ಜವಾನ ಗೋರಖನಾಥ ಬೆನ್ನ ಹಿಂದೆ ಅವನನ್ನು 'ಹಾ ಸಾಹೇಬ' ಎಂದೇ ಕರೆಯುತ್ತಿದ್ದ.

ಹೆಂಡತಿ ಎಲಿಜಬೆತ ಅದೇ ಕಟ್ಟಡದ ಹಿಂದಿನ ಕೋಣೆಯಲ್ಲಿ ಟೆಕ್ನಿಷಿಯನ್. ಸತ್ತ ಪ್ರಾಣಿಯ ಶ್ವಾಸಕೋಶದ ತುಂಡನ್ನು ಮೇಣದಲ್ಲಿ ಹುದುಗಿಸಿ, ಉಳ್ಳಾಗಡ್ಡಿಯ ಸಿಪ್ಪೆಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಮೇಲೆ ಹರಡಿ ಬಣ್ಣ ಹಾಕುವುದು ಅವಳ ಕೆಲಸ. ರೋಗಾಣು ಇದ್ದ ಜಾಗದಲ್ಲಿ ಕಂದು ಬಣ್ಣ ಕೂರುತ್ತದೆ, ಇಲ್ಲದ ಜಾಗದಲ್ಲಿ ಕೂರುವುದಿಲ್ಲ. ಔರಾದ ಕಡೆಯ ಆಡುಗಳಿಗೆ ಹಿರೇಬೇನೆ ತಗಲಿ ದೊಡ್ಡಿಗೆ ದೊಡ್ಡಿಯೇ ಖಾಲಿಯಾದ ವರ್ಷ ಅವಳು ಮಾಡಿದ ಗಾಜುಗಳು ಪೆಟ್ಟಿಗೆ ತುಂಬ ಇದ್ದವು. ಇಪ್ಪತ್ತು ವರ್ಷ ಗಂಡ ಹೆಂಡತಿ ಒಂದೇ ಗಾಡಿಯ ಮೇಲೆ ಬಂದು, ಒಂದೇ ಬಾಗಿಲಲ್ಲಿ ಒಳಗೆ ಹೊಕ್ಕು, ಅವನು ಎಡಕ್ಕೆ ಅವಳು ಬಲಕ್ಕೆ ತಿರುಗುತ್ತಿದ್ದರು. ಅವಳ ಕೋಣೆಯಲ್ಲಿ ಫಾರ್ಮಾಲಿನ್ ವಾಸನೆ, ತಲೆ ಸಿಡಿಯುತ್ತದೆ ಎಂದು ಸೈಮನ ಅತ್ತ ಹಾಯುತ್ತಲೇ ಇರಲಿಲ್ಲ. ಸಂಸಾರ ಸುಖವಾಗಿತ್ತು. ಯಾರೂ ಏನೂ ಕೇಳದಿದ್ದರೆ ಸಂಸಾರ ಸುಖವಾಗಿಯೇ ಇರುತ್ತದೆ.

ಇಷ್ಟರಲ್ಲಿ ಬೀದರಿಗೆ ಸಮುದ್ರ ಬಂತು. ಮಳೆಗಾಲದಲ್ಲೂ ಮಾಂಜ್ರಾ ಹೊಳೆಗೆ ನೀರು ಬಂತೋ ಇಲ್ಲವೋ ಎಂದು ಫೋನು ಮಾಡಿ ಕೇಳುವ ಊರು ಇದು, ಇಲ್ಲಿಗೆ ಸಮುದ್ರ! ಆದದ್ದು ಇಷ್ಟು. ಪ್ರಯೋಗಾಲಯದ ಮುಖ್ಯಸ್ಥ ಡಾಕ್ಟರ್ ಸುಶೀಲಕುಮಾರ ಹೈದರಾಬಾದಿನ ಒಂದು ಸಮ್ಮೇಳನದಲ್ಲಿ ಎಲಿಜಬೆತ ಮಾಡಿದ ಆಡಿನ ಸ್ಲೈಡುಗಳನ್ನು ತೋರಿಸಿದರು. ಹಾಲೆಂಡಿನಿಂದ ಬಂದಿದ್ದ ರೂಲೊಫ್ ಎಂಬ ವಿಜ್ಞಾನಿ ಅದನ್ನು ನೋಡಿ ಎದ್ದು ನಿಂತನಂತೆ. ಅವರ ಕಡಲಿನಲ್ಲಿ ಮರಿಗೆ ಹಾಲೂಡಿಸುವ ಪ್ರಾಣಿಗಳಿವೆ, ಡಾಲ್ಫಿನ್ನು ಒಂದು, ನಾಯಿಮುಖದ ಮೀಸೆಯ ಪ್ರಾಣಿ ಇನ್ನೊಂದು. ಅವುಗಳಿಗೂ ಒಂದು ಬೇನೆ ಬಂದು ಸಾವಿರಗಟ್ಟಲೆ ದಂಡೆಗೆ ಬಂದು ಬಿದ್ದು ಸತ್ತ ವರ್ಷಗಳುಂಟು. ಆ ರೋಗಾಣುವೂ, ಔರಾದದ ಆಡಿನ ಹಿರೇಬೇನೆಯ ರೋಗಾಣುವೂ, ಮಕ್ಕಳ ದಡಾರದ್ದೂ ಒಂದೇ ಮನೆತನದ ದಾಯಾದಿಗಳು. ಕಡಲಿಗೆ ಬೇಲಿ ಇಲ್ಲ, ಸರ್ವೆ ನಂಬರಿಲ್ಲ. ಇವತ್ತು ಒಂದು ದೇಶದ ದಂಡೆಯಲ್ಲಿ ಕೆಮ್ಮಿದ ಪ್ರಾಣಿ ನಾಳೆ ಇನ್ನೊಂದು ದೇಶದಲ್ಲಿ ಸಾಯುತ್ತದೆ. ಹಾಗಾಗಿ ಒಬ್ಬರೇ ಹುಡುಕಿದರೆ ಸಾಲದು. ಹಾಲೆಂಡು, ಸ್ಕಾಟ್ಲೆಂಡು, ಬ್ರೆಜಿಲ್ಲು, ಬೀದರು ಎಂದು ನಾಲ್ಕು ಕಡೆಯವರು ಕೂಡಿದರು. ಒಂದೇ ಶ್ವಾಸಕೋಶದ ತುಂಡು ನಾಲ್ಕೂ ಕಡೆ ಹೋಗುವುದು, ನಾಲ್ಕೂ ಕಡೆ ಕತ್ತರಿಸಿ ಬಣ್ಣ ಹಾಕುವುದು, ಪ್ರತಿ ಮಂಗಳವಾರ ಕಂಪ್ಯೂಟರಿನ ಮುಂದೆ ಕೂತು ಯಾರಿಗೆ ಏನು ಕಂಡಿತೆಂದು ತಾಳೆ ನೋಡುವುದು. ಬೀದರಿನ ಪರವಾಗಿ ಕೂರುವವಳು ಎಲಿಜಬೆತ.

ಮೊದಮೊದಲು ಸೈಮನ ಎದೆ ಉಬ್ಬಿಸಿಕೊಂಡೇ ತಿರುಗಿದ. "ನಮ್ಮಕಿ ಇಂಟರ್‌ನ್ಯಾಷನಲ್ ಆಗ್ಯಾಳ" ಎಂದು ಚರ್ಚಿನ ಮೆಟ್ಟಿಲ ಮೇಲೆ ಹೇಳಿಕೊಂಡ. ಹೊಟ್ಟೆಯಲ್ಲಿ ಕಿಡಿ ಬಿದ್ದದ್ದು ಆ ಕಾಗದದಿಂದ.

ಆ ವಾರ ಸುಶೀಲಕುಮಾರ ಸಾಹೇಬರು ಬೆಂಗಳೂರಿಗೆ ಹೋಗಿದ್ದರು. ಹಾಲೆಂಡಿನಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬಂದು ನೇರ ಸೈಮನನ ಮೇಜಿನ ಮೇಲೆ ಬಿತ್ತು. ನಿಮ್ಮ ಸಂಸ್ಥೆಯಲ್ಲಿ ಈಗಾಗಲೇ ಸೀಲ್ ಮಾದರಿಗಳು ಇವೆಯೇ, ಇದ್ದರೆ ಎಷ್ಟು, ಯಾವ ಸ್ಥಿತಿಯಲ್ಲಿವೆ, ಎಲ್ಲಿಟ್ಟಿದ್ದೀರಿ, ಜವಾಬ್ದಾರಿ ಯಾರದು ಎಂದು ಕೇಳಿದ್ದರು. ನೌಕರಿಗೆ ಸೇರಿದಾಗಿನಿಂದ ಬ್ಯಾಂಕಿನವರು, ಖಜಾನೆಯವರು ಮಾದರಿ ಸಹಿ, ಮಾದರಿ ಸೀಲು ಕಳಿಸಿ ಎಂದು ಕೇಳುತ್ತಲೇ ಬಂದಿದ್ದಾರೆ. ಹೊರದೇಶದವರೂ ಕೇಳಿದರಲ್ಲ, ಪರವಾಗಿಲ್ಲ, ಶಿಸ್ತಿನ ಜನ ಎಂದು ಸೈಮನನಿಗೆ ಖುಷಿಯೇ ಆಯಿತು. ಒಳ್ಳೆಯ ಹಾಳೆ ತೆಗೆದು ತನ್ನ ಕೈಲಾದ ಇಂಗ್ಲಿಷಿನಲ್ಲಿ ಉತ್ತರ ಬರೆದ:

'ನಮ್ಮ ಕಚೇರಿಯಲ್ಲಿ ಒಟ್ಟು ಹನ್ನೊಂದು ಸೀಲುಗಳಿವೆ. ಎಲ್ಲವನ್ನೂ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದು, ಕೀಲಿ ಕೆಳಗೆ ಸಹಿ ಮಾಡಿದವನ ಬಳಿ ಇದೆ. ಎರಡು ಸವೆದು ಹೋಗಿವೆ. ಒಂದರ ಹಿಡಿ ಮುರಿದಿದೆ. ಗುಂಡನೆಯದು ಉತ್ತಮ ಸ್ಥಿತಿಯಲ್ಲಿದ್ದು ದಿನಾಲೂ ಬಳಕೆಯಲ್ಲಿದೆ. ರವಿವಾರ ಯಾವುದನ್ನೂ ಹೊರಗೆ ತೆಗೆಯುವುದಿಲ್ಲ.'

ಕೆಳಗೆ ಹನ್ನೊಂದನ್ನೂ 'ಹಾ' ಎಂದು ಊದಿ ಊದಿ ಸಾಲಾಗಿ ಒತ್ತಿ, ಸ್ಕ್ಯಾನ್ ಮಾಡಿ ಕಳಿಸಿಬಿಟ್ಟ.

ಆ ಮೀಸೆಯ ಕಡಲಪ್ರಾಣಿಗೆ ಇಂಗ್ಲಿಷಿನಲ್ಲಿ ಸೀಲ್ ಎಂದೇ ಹೆಸರು. ಇದು ಪಾಪ, ಮೆಹಕರದ ಸೈಮನನಿಗೆ ಹೇಗೆ ಗೊತ್ತಾಗಬೇಕು? ಮೆಹಕರದಲ್ಲಿ ಯಾವ ಬಾವಿಯಲ್ಲಿ ಸೀಲ್ ಈಜುತ್ತಿತ್ತು?

ಮುಂದಿನ ಮಂಗಳವಾರ ಮಧ್ಯಾಹ್ನ ಸೈಮನ ಕೈಯಲ್ಲಿ ಫೈಲು ಹಿಡಿದು ಪಡಸಾಲೆಯಲ್ಲಿ ಹೋಗುತ್ತಿದ್ದಾಗ ಆ ನಗು ಕೇಳಿಸಿತು. ಹೆಂಗಸಿನ ನಗು, ತಡೆದರೂ ತಡೆಯದ ನಗು. ಯಾರಪ್ಪಾ ಹೀಗೆ ನಗುವವರು ಎಂದು ಬಾಗಿಲಿನ ಗಾಜಿನಿಂದ ಇಣುಕಿದ. ಎಲಿಜಬೆತ! ಸೆರಗು ಬಾಯಿಗೊತ್ತಿಕೊಂಡು, ಮೇಜಿನ ಮೇಲೆ ಬಗ್ಗಿ, ಹೆಗಲು ಕುಣಿಸುತ್ತ ನಗುತ್ತಿದ್ದಳು. ಎದುರಿನ ಪರದೆಯಲ್ಲಿ ಕೆಂಚು ಗಡ್ಡದ ಒಬ್ಬ ಗಂಡಸು, ಆ ರೂಲೊಫನೇ, ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದ.

ಚಹಾದ ತಟ್ಟೆ ಹಿಡಿದು ಹೊರಗೆ ಬಂದ ಗೋರಖನಾಥನೂ ನಗುತ್ತಿದ್ದ. ಸೈಮನನನ್ನು ಕಂಡು ಮುಖ ಸಣ್ಣಗೆ ಮಾಡಿದ.

"ಏನೋ ಅದು?" ಎಂದ ಸೈಮನ.

"ಏನಿಲ್ರಿ ಸಾಹೇಬ್ರ. ನೀವು ಬರದ ಕಾಗದ ಓದ್ಲತ್ತಾರ್ರಿ. ಅವ್ರು ಕೇಳಿದ್ದು ಸಮುದ್ರದಾನ ಪ್ರಾಣಿ ಅಂತ್ರಿ. ನೀವು ಅದ್ರ ಹಿಡಿ ಮುರದದ ಅಂತ ಬರದೀರಿ."

ಕಚೇರಿ ಎಲ್ಲ ನಕ್ಕಿತು. ಒಂದು ವಾರ ನಕ್ಕಿತು. ಅದನ್ನು ಸೈಮನ ಹೇಗೋ ನುಂಗಿಕೊಳ್ಳುತ್ತಿದ್ದ. ಇಷ್ಟು ವರ್ಷ ನೌಕರಿ ಮಾಡಿದವನಿಗೆ ನಗೆಪಾಟಲಾಗುವುದು ಹೊಸದೇನಲ್ಲ. ನುಂಗಲಾಗದ್ದು ಅವಳ ಆ ನಗು. ಮದುವೆಯಾದ ಹೊಸದರಲ್ಲಿ ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಅವಳು ಹಾಗೆ ನಕ್ಕಿದ್ದಳು. ಸೀಟು ಹಿಡಿಯುವ ಗಡಿಬಿಡಿಯಲ್ಲಿ ಸೈಮನ ಬೀದರಿನ ಬಸ್ಸೆಂದು ಉದಗೀರದ ಬಸ್ಸು ಹತ್ತಿ, ಕಿಟಕಿಯಿಂದ ಟವೆಲ್ಲು ಬೀಸಿ "ಹತ್ತು, ಹತ್ತು" ಎಂದು ಕೂಗುತ್ತ ಹೋಗಿಯೇ ಬಿಟ್ಟಿದ್ದ. ಆಮೇಲೆ ಆ ನಗು ಎಲ್ಲಿ ಹೋಯಿತು? ಸತ್ತೇಹೋಯಿತೆಂದುಕೊಂಡಿದ್ದ. ನೋಡಿದರೆ ಹಿಂದಿನ ಕೋಣೆಯಲ್ಲಿ, ಬೇರೆ ಗಂಡಸಿನ ಮುಂದೆ, ಬೇರೆ ಭಾಷೆಯಲ್ಲಿ ಜೀವಂತವಾಗಿತ್ತು. ಆ ಸಂಜೆ ಸೈಮನ ಮಾತು ಬಿಟ್ಟ. ಮೂರು ದಿನ ಆಡಲಿಲ್ಲ.

ಮಾತು ಶುರುವಾದಾಗ ಬರೀ ಕೊಂಕು. ರೂಲೊಫ್ ಎಂಬ ಹೆಸರು ಸೈಮನನ ಬಾಯಲ್ಲಿ ರೂಲಪ್ಪನಾಯಿತು. ಸೋಮವಾರ ಅವಳು ಸೀರೆಗೆ ಇಸ್ತ್ರಿ ಮಾಡಿದರೆ ಸಾಕು, ಇವನು ಬಾಗಿಲಿಗೊರಗಿ ನಿಲ್ಲುತ್ತಿದ್ದ.

"ನಾಳಿ ಮಂಗಳವಾರ ಅಲಾ? ನಿನ್ನ ರೂಲಪ್ಪಗ ನೀಲಿ ಸೀರಿ ಪಸಂದ್ ಇರಬೇಕು."

"ಅವ್ರಿಗಿ ಸೀರಿ ಕಾಣಂಗಿಲ್ರಿ. ಸ್ಲೈಡ್ ಅಷ್ಟೇ ಕಾಣಸ್ತದ."

"ಹಾಂ, ಸ್ಲೈಡ್! ಸ್ಲೈಡ್ ನೋಡಿ ಯಾರರೆ ಅಷ್ಟು ಹಲ್ಲು ಕಿಸೀತಾರ?"

ಎಲಿಜಬೆತ ಇಸ್ತ್ರಿ ಮುಂದುವರಿಸುತ್ತಿದ್ದಳು. ಉತ್ತರ ಕೊಟ್ಟಿದ್ದರೆ ಜಗಳವಾದರೂ ಆಗುತ್ತಿತ್ತು. ಸೈಮನ ರೂಲಪ್ಪನ ಮೇಲೆ ಉರಿದ, ಸ್ಕಾಟ್ಲೆಂಡಿನ ಮೇಲೆ ಉರಿದ, ಬ್ರೆಜಿಲ್ಲಿನ ಪರವಾಗಿ ಕೂರುವವಳು ಮುದುಕಿಯೆಂದು ಗೊತ್ತಿದ್ದರೂ ಅವಳ ಮೇಲೂ ಉರಿದ. ಕೊನೆಗೆ ಸತ್ತು ಮೇಣದಲ್ಲಿ ಕೂತ ಆ ಪ್ರಾಣಿಯ ಮೇಲೆಯೇ ಅವನಿಗೆ ಹೊಟ್ಟೆಕಿಚ್ಚು. ಅದನ್ನು ಅವಳು ಚಿಮಟದಲ್ಲಿ ಹಿಡಿದು, ಬೆಳಕಿಗೆ ಎತ್ತಿ ತಿರುಗಿಸಿ ನೋಡುವಷ್ಟು ಜತನದಿಂದ ತನ್ನನ್ನು ಯಾವಾಗ ನೋಡಿದ್ದಳು? ಮನುಷ್ಯನಿಗೆ ಬುದ್ಧಿ ಕೆಟ್ಟರೆ ಎಲ್ಲಿಯವರೆಗೂ ಹೋಗುತ್ತದೆ ನೋಡಿ.

ಡಿಸೆಂಬರಿನಲ್ಲಿ ಉರಿಯುವ ಒಲೆಗೆ ಇನ್ನೊಂದು ಕಟ್ಟಿಗೆ ಬಿತ್ತು. ನಾಲ್ಕೂ ಕಡೆಯ ಟೆಕ್ನಿಷಿಯನ್ನರು ಹಾಲೆಂಡಿನ ಕಡಲದಂಡೆಯ ಪ್ರಯೋಗಾಲಯದಲ್ಲಿ ಒಂದೂವರೆ ತಿಂಗಳು ಕೂಡಿ ಕೆಲಸ ಮಾಡಬೇಕು, ಒಬ್ಬರ ರೀತಿಯನ್ನು ಇನ್ನೊಬ್ಬರು ಕಲಿಯಬೇಕು ಎಂದಾಯಿತು. ಬೀದರಿನಿಂದ ಎಲಿಜಬೆತ. ಸುಶೀಲಕುಮಾರ ಸಾಹೇಬರು ಪೇಢೆ ಹಂಚಿದರು. ಸೈಮನ ತನ್ನ ಪಾಲಿನ ಪೇಢೆಯನ್ನು ಕಾಗದದಲ್ಲಿ ಸುತ್ತಿ ಗೋರಖನಾಥನ ಕೈಗಿಟ್ಟ.

ಆ ರವಿವಾರ ಮಂಗಲಪೇಟೆಯ ಚರ್ಚಿನಲ್ಲಿ ಪಾಸ್ಟರ್ ಅಯ್ಯನವರು ಈ ಸುದ್ದಿ ಹೇಳಿ, ನಮ್ಮ ತಂಗಿಯ ಪ್ರಯಾಣಕ್ಕಾಗಿ ಅವಳ ಯಜಮಾನರೇ ಪ್ರಾರ್ಥನೆ ನಡೆಸಲಿ ಎಂದುಬಿಟ್ಟರು. ಇಡೀ ಸಭೆ ತಲೆ ಬಾಗಿಸಿತು. ಅತ್ತ ದರಿ ಇತ್ತ ಪುಲಿ. ಸೈಮನ ಎದ್ದು ನಿಂತು ಕಣ್ಣು ಮುಚ್ಚಿದ.

"ಕರ್ತನೇ, ನಿನ್ನ ಚಿತ್ತವಿದ್ದರೆ ಮಾತ್ರ ಈ ಬಾಗಿಲು ತೆರೆ. ನಿನ್ನ ಚಿತ್ತವಿಲ್ಲದಿದ್ದರೆ ಮುಚ್ಚು ಸ್ವಾಮಿ. ಗಟ್ಟಿಯಾಗಿ ಮುಚ್ಚು. ಅಗಳಿ ಹಾಕಿ ಮುಚ್ಚು. ವಿಮಾನದ ಅಪಾಯ ನಿನಗೆ ಗೊತ್ತು, ಅಲ್ಲಿಯ ಚಳಿ ನಿನಗೆ ಗೊತ್ತು, ಅಲ್ಲಿಯ ಜನ ಎಂಥವರೆಂಬುದೂ ನಿನಗೆ ಗೊತ್ತು..."

ಸಭೆ "ಆಮೆನ್" ಎಂದಿತು. ಸೈಮನ ಕಣ್ಣು ತೆರೆದಾಗ ಹೆಂಗಸರ ಸಾಲಿನಿಂದ ಎಲಿಜಬೆತ ನೆಟ್ಟ ನೋಟದಿಂದ ಅವನನ್ನೇ ನೋಡುತ್ತಿದ್ದಳು. ಅವಳು ಆಮೆನ್ ಎಂದಿರಲಿಲ್ಲ.

ದೇವರು ಬಾಗಿಲು ಮುಚ್ಚಲಿಲ್ಲ. ಪಾಸ್‌ಪೋರ್ಟು ಬಂತು, ಆಮಂತ್ರಣ ಬಂತು. ಉಳಿದದ್ದು ಒಂದೇ ಹಾಳೆ. ಈ ನೌಕರರು ಹೋಗಲು ಕಚೇರಿಯ ಅಡ್ಡಿ ಇಲ್ಲ ಎಂಬ ಪತ್ರ. ಸಾಹೇಬರು ಸಹಿ ಮಾಡಿ ಸೈಮನನಿಗೆ ಕಳಿಸಿದರು. ಮುಂದಿನ ಸೋಮವಾರ ಅದು ವೀಸಾ ಕಚೇರಿಗೆ ಹೊರಡದಿದ್ದರೆ ದಿನಾಂಕ ತಪ್ಪುತ್ತದೆ, ಹೋಗುವುದೇ ತಪ್ಪುತ್ತದೆ ಎಂದು ಹೇಳಿಯೂ ಕಳಿಸಿದರು. ಗೋಲ್ ಶಿಕ್ಕಾ ಒತ್ತಿದರೆ ಮುಗಿಯಿತು.

ದೇವರು ಮುಚ್ಚದ ಬಾಗಿಲನ್ನು ಹೆಡ್ ಕ್ಲರ್ಕು ಮುಚ್ಚಿದ. "ಗೋಲ್ ಶಿಕ್ಕಾ ಕಾಣವಲ್ದು" ಎಂದ.

ಕಚೇರಿ ತಲೆಕೆಳಗಾಯಿತು. ಗೋರಖನಾಥ ಕಪಾಟಿನ ಕೆಳಗೆ ಮಲಗಿ ಕೈ ಆಡಿಸಿದ. ಸಾಹೇಬರು ತಾವೇ ಮೇಜಿನ ಖಾನೆಗಳನ್ನು ಸುರುವಿದರು. "ಹೊಸಾದು ಮಾಡಸ್ಬೇಕಂದ್ರ ಪೊಲೀಸ್ ಕಂಪ್ಲೇಂಟ್ ಆಗ್ಬೇಕು, ಮ್ಯಾಲಿಂದ ಆರ್ಡರ್ ಬರ್ಬೇಕು, ತಿಂಗಳು ಹಿಡೀತದ. ಹುಡುಕ್ರಿ ಸೈಮನ್, ಜರಾ ನೆನಪು ಮಾಡ್ಕೋರಿ" ಎಂದು ಅಂಗಲಾಚಿದರು. ಸೈಮನ ಹಣೆ ಉಜ್ಜಿಕೊಂಡು ನೆನಪು ಮಾಡಿಕೊಳ್ಳುವವನಂತೆ ನಿಂತ. ಆಗ ಆ ಶಿಕ್ಕಾ ಅವನ ಪ್ಯಾಂಟಿನ ಕಿಸೆಯಲ್ಲಿ ತೊಡೆಗೆ ಚುಚ್ಚುತ್ತಿತ್ತು.

ಮನೆಗೆ ಬಂದವನೇ, ಎಲಿಜಬೆತ ನೀರು ತುಂಬಲು ಹೊರಗೆ ಹೋದ ಹೊತ್ತು ನೋಡಿ, ಅಡುಗೆಮನೆಯ ಅಟ್ಟದ ಮೇಲಿನ ಸಜ್ಜೆಯ ಡಬ್ಬಿ ಇಳಿಸಿದ. ಶಿಕ್ಕಾವನ್ನು ಕಾಳಿನೊಳಗೆ ಆಳಕ್ಕೆ ತುರುಕಿ ಡಬ್ಬಿ ಮತ್ತೆ ಮೇಲಿಟ್ಟ. ಮನೆಯಲ್ಲಿ ದಿನಾಲೂ ಜೋಳದ ರೊಟ್ಟಿ, ಸಜ್ಜೆ ಯಾರು ಮುಟ್ಟುತ್ತಾರೆ? ಕಳ್ಳನ ಬುದ್ಧಿ ಅಷ್ಟೇ ಇರುತ್ತದೆ. ಮೆಹಕರದಲ್ಲಿ ಹುಟ್ಟಿದವನು, ಆ ವಾರದ ಕೊನೆಗೆ ಎಳ್ಳಮಾವಾಸ್ಯೆ ಎಂಬುದನ್ನೇ ಮರೆತಿದ್ದ. ಬೀದರ ಜಿಲ್ಲೆಯಲ್ಲಿ ವರ್ಷಕ್ಕೊಮ್ಮೆ ಸಜ್ಜೆಯ ಡಬ್ಬಿ ತೆರೆಯದ ಮನೆ ಯಾವುದೂ ಇಲ್ಲ, ಅದು ತೆರೆಯುವುದು ಎಳ್ಳಮಾವಾಸ್ಯೆಗೆ. ತಿನ್ನುವಾಗ ನೆನಪಿರುತ್ತದೆ, ಕಾಳು ಯಾವ ಡಬ್ಬಿಯಿಂದ ಬರುತ್ತದೆಂದು ನೆನಪಿರುವುದಿಲ್ಲ. ಅಡುಗೆಮನೆಗೆ ಕಾಲಿಡದ ಗಂಡಸರಿಗೆ ಇದೇ ಶಿಕ್ಷೆ.

ಎಳ್ಳಮಾವಾಸ್ಯೆಯ ಬೆಳಿಗ್ಗೆ ಇಬ್ಬರೂ ಹೊಲದ ಊಟಕ್ಕೆಂದು ಮೆಹಕರಕ್ಕೆ ಹೊರಟರು. ಇವರು ಮೆಥಡಿಸ್ಟರು, ಹೊಲದಲ್ಲಿ ಪೂಜೆ ಮಾಡುವುದಿಲ್ಲ. ಆದರೆ ಭಜ್ಜಿ ಬಿಡುವುದಿಲ್ಲ. ಹಸಿ ತೊಗರಿ, ಹಸಿ ಕಡಲೆ, ಸೊಪ್ಪು, ಹುಣಸೆ ಎಲ್ಲ ಕೂಡಿಸಿ ಕುದಿಸಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗಡಿಗೆ ತುಂಬ ಅಂಬಲಿ. ಯಾವ ಧರ್ಮದವನಾದರೂ ಆ ದಿನ ಮನೆಯಲ್ಲಿ ಕೂತು ಉಂಡರೆ ಅವನು ನಮ್ಮ ಜಿಲ್ಲೆಯವನಲ್ಲ. ಭಾಲ್ಕಿ ದಾಟಿತು, ಸಾಯಗಾಂವ ದಾಟಿತು. ಗಾಡಿಯ ಹಿಂದೆ ರೊಟ್ಟಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತ ಎಲಿಜಬೆತ ಒಂದು ಮಾತೂ ಆಡಲಿಲ್ಲ. ಹೋಗುವುದು ತಪ್ಪಿತೆಂದು ಬೇಜಾರಾಗಿದ್ದಾಳೆ, ಎರಡು ದಿನಕ್ಕೆ ಸರಿಹೋಗುತ್ತಾಳೆ ಎಂದುಕೊಂಡ ಸೈಮನ. ನಿಜ ಹೇಳಬೇಕೆಂದರೆ ಅವನಿಗೆ ಹಾಯೆನಿಸಿತ್ತು. ಬಾಯಲ್ಲಿ ಸಣ್ಣಗೆ ಒಂದು ಕೀರ್ತನೆಯನ್ನೂ ಗುನುಗಿದ.

ಹೊಲದಲ್ಲಿ ಬೇವಿನ ಗಿಡದ ಕೆಳಗೆ ಕೌದಿ ಹಾಸಿ ಮೆಹಕರದ ಮನೆಯವರೆಲ್ಲ ಸಾಲಾಗಿ ಕೂತರು. ಪಕ್ಕದ ಹೊಲದ ಶಿವರಾಜಪ್ಪನವರು ಹೊಲದ ತುಂಬ ಎಡೆಯ ಚರಗ ಚೆಲ್ಲಿ ಬಂದು ಇವರ ಜೊತೆಗೇ ಊಟಕ್ಕೆ ಕೂತರು. ಎಲಿಜಬೆತ ಬಡಿಸುತ್ತ ಬಂದಳು. ಗಂಡನ ತಾಟಿಗೆ ಭಜ್ಜಿ ಸುರಿದಳು, ಅದರ ಮೇಲೆ ಒಂದು ರೊಟ್ಟಿ ಮುಚ್ಚಿ ಮುಂದೆ ಹೋದಳು.

ಸೈಮನ ರೊಟ್ಟಿ ಎತ್ತಿದ. ಭಜ್ಜಿಯ ನಡುವೆ, ಹಿಡಿ ಮೇಲೆ ಮಾಡಿಕೊಂಡು, ಗೋಲ್ ಶಿಕ್ಕಾ ಕೂತಿತ್ತು.

ರೊಟ್ಟಿಯನ್ನು ತಟ್ಟನೆ ಮತ್ತೆ ಮುಚ್ಚಿದ. ಎದುರಿಗೆ ಕೂತಿದ್ದ ತಾಯಿ ಜನಾಬಾಯಿ ನೋಡಿದಳು.

"ಯಾಕೋ ಸೈಮನ್ಯಾ, ಭಜ್ಜಿ ಬ್ಯಾಡೇನು? ವರ್ಷಾ ಮೂರು ತಾಟು ತಿಂತಿದ್ದಿ."

"ತಿಂತೇನಿ ಬೇ. ಭಾಳ ಬಿಸಿ ಅದ."

"ಎಲ್ಲಿ ಬಿಸಿ? ಬೀದರ್‌ದಿಂದ ಬರೋದ್ರಾಗ ತಣ್ಣಗ ಕಲ್ಲಾಗ್ಯದ. ರೊಟ್ಟಿ ತಗಿ, ಅಂಬಲಿ ಹಾಕ್ತೇನಿ."

"ಬ್ಯಾಡ ಬೇ!" ಎಂದು ಎರಡೂ ಕೈಯಲ್ಲಿ ತಾಟು ಮುಚ್ಚಿಕೊಂಡ. ಶಿವರಾಜಪ್ಪ ನಕ್ಕರು. "ಹೆಂಡ್ತಿ ಕೈ ಭಜ್ಜಿ, ಯಾರಿಗೂ ಕೊಡಂಗಿಲ್ಲ ಅಂತಾನ ನೋಡ್ರಿ" ಎಂದರು. ನುಂಗಲೂ ಆಗದು ಉಗುಳಲೂ ಆಗದು. ಸೈಮನ ರೊಟ್ಟಿಯ ಅಂಚು ಮುರಿದು, ಶಿಕ್ಕಾದ ಸುತ್ತಲಿನ ಭಜ್ಜಿ ಬಳಿದು ಬಳಿದು ತಿಂದ. ಎಲಿಜಬೆತ ಎರಡು ಸಲ ಅವನ ಮುಂದೆ ಹಾದು, ಬೇಕೇನ್ರಿ ಎಂದು ಕೇಳಿಯೂ ಹೋದಳು. ಅವಳ ಮುಖ ಒರೆಸಿದ ಹಲಗೆಯಂತೆ ಖಾಲಿ ಇತ್ತು.

ಊಟವಾದ ಮೇಲೆ ತಾಟು ತೊಳೆಯುವ ನೆಪದಲ್ಲಿ ಸೈಮನ ಬಾವಿಯ ಹತ್ತಿರ ಹೋದ. ಗಂಡಸು ತಾಟು ತೊಳೆಯಲು ಎದ್ದದ್ದು ಕಂಡು ಜನಾಬಾಯಿ ಬಾಯಿ ಮೇಲೆ ಬೆರಳಿಟ್ಟಳು. ಎಲಿಜಬೆತ ಹಿಂದೆಯೇ ಬಂದಳು.

"ಯಾವಾಗ ಸಿಕ್ತು?" ತಲೆ ಎತ್ತದೆ ಕೇಳಿದ.

"ಸಜ್ಜಿ ಹಸನ ಮಾಡ್ಲಿಕ್ಕ ತಗದಾಗ. ಮೊರದಾಗ ಸುರುವಿದೆ, ಇದು ಉಳ್ಳಿ ಬಂತು."

"ಮತ್ತ ನೀನೇ ಒಯ್ದು ಒತ್ಕೋಬಹುದಿತ್ತಲ್ಲ."

"ನನ್ನ ಕೈಲೆ ಒತ್ತಿದ್ರ ಅದು ಕಳ್ಳ ಶಿಕ್ಕಾ ಆಗ್ತದ್ರಿ. ಸಾಹೇಬ್ರಿಗಿ ಕೊಟ್ರ ನಿಮ್ಮ ಇಜ್ಜತ್ ಹೋಗ್ತದ, ನೌಕರಿನೂ ಹೋಗ್ತದ. ನಂಗ ಎರಡೂ ಬ್ಯಾಡ."

ಅಷ್ಟು ಹೊತ್ತು ತಡೆದಿದ್ದು ಸೈಮನನ ಬಾಯಿಂದ ಕಿತ್ತುಕೊಂಡು ಬಂತು. "ನೀ ಅವನ ಜೋಡಿ ಕೂಡಿ ನನ್ನ ಮ್ಯಾಲ ನಕ್ಕಿ. ಹೊಟ್ಟಿ ಹಿಡ್ಕೊಂಡು ನಕ್ಕಿ. ಬಾಗಿಲದ ಗಾಜಿನಾಗಿಂದ ನೋಡೀನಿ ನಾ."

"ಹೌದ್ರಿ, ನಕ್ಕೆ" ಎಂದಳು ಎಲಿಜಬೆತ. "ಸೀಲಿಂದು ಹಿಡಿ ಮುರದದ, ರವಿವಾರ ಹೊರಗ ತಗ್ಯಂಗಿಲ್ಲ ಅಂತ ಬರದ್ರ ಯಾರಿಗಿ ನಗು ಬರಂಗಿಲ್ಲ? ಇದನ್ನ ಬರದವ್ರು ಯಾರು ಅಂತ ಅವ್ರು ಕೇಳಿದ್ರು. ನಮ್ಮ ಮನಿಯವ್ರು ಅಂತ ಹೇಳ್ದೆ. ಮುಚ್ಚಿಡ್ಲಿಲ್ಲ. ಸಂಜಿಗಿ ನಿಮಗ ಹೇಳ್ಬೇಕು, ಇಬ್ರೂ ಕೂಡಿ ನಗ್ಬೇಕು ಅಂತ ಬಂದೆ. ನೀವು ಗ್ವಾಡಿ ಕಡಿ ಮಾರಿ ಮಾಡಿ ಕುಂತ್ರಿ."

"ಅಂಥಾದ್ದೇನದ ಅವನಲ್ಲಿ? ಗಡ್ಡ ಬಿಟ್ರ ಏನದ?"

ಎಲಿಜಬೆತ ತಾಟು ಅವನ ಕೈಯಿಂದ ತೆಗೆದುಕೊಂಡು ತಾನೇ ತೊಳೆಯತೊಡಗಿದಳು. ಧ್ವನಿ ಸಣ್ಣದಾಯಿತು.

"ಏನೂ ಇಲ್ರಿ. ಮಂಗಳವಾರಕ್ಕೊಮ್ಮೆ ಅವ್ರು ಒಂದು ಮಾತು ಕೇಳ್ತಾರ. ಎಲಿಜಬೆತ, ನಿನಗ ಏನು ಕಾಣಸ್ತು, ಅಂತ. ಅಷ್ಟೇ. ಇಪ್ಪತ್ತು ವರ್ಷ ಆಯ್ತು, ಒಂದೇ ಬಾಗಿಲದಾಗ ಹೋಗ್ತೇವಿ, ಒಂದೇ ಬಾಗಿಲದಾಗ ಬರ್ತೇವಿ. ನೀವು ಒಮ್ಮೆರೆ ಕೇಳೀರೇನ್ರಿ?"

ಸೈಮನ ಶಿಕ್ಕಾವನ್ನು ಕರವಸ್ತ್ರದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡ. ತಿರುಗಿ ಬರುವಾಗ ಗಾಡಿಯ ಮೇಲೆ ಕೀರ್ತನೆ ಇರಲಿಲ್ಲ.

ಇಷ್ಟಕ್ಕೆ ಸೈಮನನ ಹೊಟ್ಟೆಕಿಚ್ಚು ಆರಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸೋಮವಾರ ಕಚೇರಿಗೆ ಬಂದು ಆ ಹಾಳೆ ಎದುರಿಗಿಟ್ಟುಕೊಂಡು ಕೂತಾಗ ಕೆಂಚು ಗಡ್ಡ ಕಣ್ಣ ಮುಂದೆ ಬಂತು, ಕಡಲು ಬಂತು, ದಂಡೆಯ ಮೇಲೆ ನೀಲಿ ಸೀರೆ ಹಾರಾಡುವುದೂ ಬಂತು. ಒಂದೂವರೆ ತಿಂಗಳು ಮಂಗಳವಾರವಷ್ಟೇ ಅಲ್ಲ, ದಿನಾಲೂ ಅವನು ಕೇಳುತ್ತಾನೆ, ಏನು ಕಂಡಿತು ಎಂದು. ಅವಳು ದಿನಾಲೂ ಹೇಳುತ್ತಾಳೆ. ಕಿಚ್ಚು ಭುಗಿಲೆಂದಿತು. ಹಾಗೆಯೇ ಉರಿಯುತ್ತಲೇ ಸೈಮನ ಶಿಕ್ಕಾ ಹೊರಗೆ ತೆಗೆದು, ಬಾಯಿಯ ಹತ್ತಿರ ತಂದು, 'ಹಾ' ಎಂದು ಉಸಿರು ಬಿಟ್ಟು, ಒತ್ತಿದ. ಎಷ್ಟು ತೊಳೆದರೂ ರಬ್ಬರಿನ ಸಂದಿಯಲ್ಲಿ ಭಜ್ಜಿ ಉಳಿದಿತ್ತು. ನೇರಳೆ ಶಾಯಿಯ ಸುತ್ತ ತೆಳ್ಳಗೆ ಅರಿಶಿನ ಮೂಡಿತು.

"ಸಿಕ್ತೇನ್ರಿ ಸಾಹೇಬ್ರ! ಎಲ್ಲಿತ್ರಿ?" ಎಂದು ಗೋರಖನಾಥ ಓಡಿ ಬಂದ.

"ಮನ್ಯಾಗ. ನಂದೇ ತಪ್ಪು" ಎಂದ ಸೈಮನ. ಹಾಳೆಯನ್ನು ಜವಾನನ ಕೈಗೆ ಕೊಡದೆ ತಾನೇ ಹಿಡಿದುಕೊಂಡು ಎದ್ದ. ಪಡಸಾಲೆಯಲ್ಲಿ ಬಲಕ್ಕೆ ತಿರುಗಿದ. ಬಾಗಿಲು ತಳ್ಳಿದ. ಫಾರ್ಮಾಲಿನ್ ವಾಸನೆ ಕಣ್ಣಿಗೇ ಹತ್ತಿತು.

ಎಲಿಜಬೆತ ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ್ದಳು. ಹಾಳೆಯನ್ನು ಅವಳ ಮುಂದಿಟ್ಟ. ಅವಳು ಅರಿಶಿನದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಸೈಮನ ಹೋಗಲಿಲ್ಲ. ಅಂಗಿಯ ಗುಂಡಿ ತಿರುವುತ್ತ ನಿಂತ.

"ಏನ್ ಕಾಣಸ್ತದ ಅದ್ರಾಗ?" ಎಂದ ಕೊನೆಗೆ.

ಎಲಿಜಬೆತ ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಎದ್ದು ತನ್ನ ಸ್ಟೂಲು ಕೊಟ್ಟಳು. "ಎರಡೂ ಕಣ್ಣು ತಗೀರಿ. ಒಂದು ಮುಚ್ಚಿದ್ರ ಕಾಣಂಗಿಲ್ಲ" ಎಂದಳು.

ಮೊದಲು ಏನೂ ಕಾಣಲಿಲ್ಲ, ತನ್ನ ರೆಪ್ಪೆಯೇ ಕಂಡಿತು. ಅವಳು ಹಿಂದಿನಿಂದ ಕೈ ಚಾಚಿ ಪಕ್ಕದ ತಿರುಪು ತಿರುಗಿಸಿದಳು. ತಿಳಿನೀಲಿ ಬಯಲು ಮೂಡಿತು. ಅಲ್ಲಲ್ಲಿ ಗುಂಡಗೆ, ಕಂದು ಗುರುತುಗಳು.

"ಯಾವ ಪ್ರಾಣಿದು ಇದು?"

"ಸೀಲಿಂದ್ರಿ. ನಿಮ್ಮ ಹನ್ನೊಂದರಾಗಿಂದಲ್ಲ."

"ಈ ಕಂದು ಕಂದು?"

"ಅದೇ ಬ್ಯಾನಿ. ಅದು ಕುಂತಲ್ಲಿ ಬಣ್ಣ ಕುಂದ್ರತದ."

ಸೈಮನ ಇನ್ನೂ ಬಗ್ಗಿ ನೋಡಿದ. ನೋಡುತ್ತಲೇ ಹೇಳಿದ, ನಗಿಸಲೆಂದು ಅಲ್ಲ, ನೌಕರಿಯ ಅಭ್ಯಾಸದಿಂದ ಹೇಳಿದ. "ಯಾರೋ ಗೋಲ್ ಶಿಕ್ಕಾ ಹೊಡದಂಗ ಅದ. ಆದ್ರ ಮೊದ್ಲ ಹಾ ಅಂತ ಉಸುರು ಬಿಟ್ಟಿಲ್ಲ. ಅಂಚು ಸ್ವಚ್ಛ ಬಂದಿಲ್ಲ ನೋಡು."

ಹಿಂದೆ ಸದ್ದಾಯಿತು. ಅದೇ ನಗು. ಸೆರಗು ಬಾಯಿಗೊತ್ತಿದರೂ ನಿಲ್ಲದ, ಹೆಗಲು ಕುಣಿಸುವ, ಭಾಲ್ಕಿ ಬಸ್ ಸ್ಟ್ಯಾಂಡಿನ ನಗು. ಅವಳ ಕಣ್ಣಲ್ಲಿ ನೀರು ಬಂತು. ಮೇಜು ಹಿಡಿದುಕೊಂಡು ನಕ್ಕಳು, ಒರೆಸಿಕೊಂಡು ಮತ್ತೆ ನಕ್ಕಳು. "ಯಪ್ಪಾ, ಇದನ್ನ ಈಗೇ ರೂಲೊಫ್ ಅವ್ರಿಗಿ ಬರೀಬೇಕು. ಅಲ್ಲಿ ಎಲ್ಲಾರೂ ಬಿದ್ದು ಬಿದ್ದು ನಗ್ತಾರ" ಎನ್ನುತ್ತ ಕಂಪ್ಯೂಟರಿನ ಕಡೆಗೆ ತಿರುಗಿದಳು.

"ಬ್ಯಾಡ" ಎಂದ ಸೈಮನ.

"ಯಾಕ್ರಿ?"

ಅವನು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಕಿವಿ ಕೆಂಪಾಗಿದ್ದವು.

"ಇದೊಂದು ಅವಂಗ ಹೇಳಬ್ಯಾಡ ಎಲಿಜಾ. ನಮ್ಮಿಬ್ಬರದೇ ಇರ್ಲಿ."

ಎಲಿಜಬೆತ ಕೀಲಿಮಣೆಯ ಮೇಲಿಂದ ಕೈ ತೆಗೆದಳು.